ಕೆಡುವಂಥ ಮಷೀನು ಬೇಕ್ರಿ

ನಾನು ಅಂಗಡಿಗೆ ಒಂದು ಕೆಲಸಕ್ಕೆ ಹೋದರೆ ಅಲ್ಲಿ ಆಗುವುದು ಇನ್ನೊಂದೇ. ಹಾಗಾಗಿಯೇ ಚಿಕ್ಕೋಡಿಯಿಂದ ಕಾಗವಾಡದ ತನಕ ಕಂಪ್ಯೂಟರ್ ಹೊಲಿಗೆ ಮಷೀನಿನ ವಿಷಯದಲ್ಲಿ ನನ್ನಷ್ಟು ತಿಳಿದವರಿಲ್ಲ. ಸೂಜಿಗೆ ದಾರ ಪೋಣಿಸಲು ಬರುವುದಿಲ್ಲ, ಅದೊಂದು ಬಿಡಿ.

ಗುಂಡಿ

ನಾನು ಬಸ್ ಕಂಡಕ್ಟರ್ ಆಗಿದ್ದವನು. ದಿನವಿಡೀ ಬಸ್ಸು ತುಂಬ ಮಂದಿಯೊಡನೆ ಮಾತಾಡಿದ ಬಾಯಿ ಇದು. ರಿಟೈರ್ ಆಯಿತು, ಹೆಂಡತಿಯೂ ತೀರಿಕೊಂಡಳು. ಮನೆಯಲ್ಲಿ ಬಾಯಿಗೆ ಕೆಲಸವಿಲ್ಲ. ಅಂಗಿಯ ಗುಂಡಿ ಕಿತ್ತುಹೋಯಿತೆಂದು ಚಿಕ್ಕೋಡಿಯಿಂದ ನಿಪ್ಪಾಣಿಗೆ ಹೋದೆ. ಗುಂಡಿ ಚಿಕ್ಕೋಡಿಯಲ್ಲೂ ಸಿಗುತ್ತದೆ. ಆದರೆ ಬಸ್ಸಿನಲ್ಲಿ ಮಂದಿ ಸಿಗುತ್ತಾರೆ.

ಗುಂಡಿಯ ಜೊತೆ ಹೊಲಿಗೆ ಮಷೀನನ್ನೂ ಮಾರುವ ಅಂಗಡಿಯವ, "ಕಾಕಾ, ಈ ಮಷೀನ ಗುಂಡೀನೂ ಹಚ್ಚತೈತಿ. ಬೇಕಂದ್ರ ಮನೀಗೆ ಬಂದು ಪುಕ್ಕಟ ತೋರಿಸ್ತೀವ್ರಿ" ಎಂದ.

"ಬಂದ್ರ ಎಷ್ಟೊತ್ತು ಕೂಡ್ತೀರಿ?"

ಬೆಲೆಗಿಂತ ಮೊದಲು ಇದನ್ನು ಕೇಳಿದ ಗಿರಾಕಿಯನ್ನು ಅವನು ಕಂಡಿರಲಿಲ್ಲ.

ಗುಲಾಬಿ

ಮಷೀನು ಹೊತ್ತು ನಿಪ್ಪಾಣಿಯ ಅಂಗಡಿಯಲ್ಲಿ ಕೆಲಸ ಮಾಡುವ ಅಕ್ಕ ಬಂದಳು. ನನ್ನ ಕರ್ಚೀಫಿನ ಮೇಲೆ ಹೂವು ಹೊಲಿದು ತೋರಿಸಿದಳು.

"ಮನ್ಯಾಗ ಹೊಲಿಯೋರು ಯಾರ್ರಿ ಕಾಕಾ?"

"ನಾನ."

"ಏನ್ ಹೊಲೀತೀರಿ?"

"ಅದನ್ನ ಇನ್ನೂ ವಿಚಾರ ಮಾಡಾಕತ್ತೀನಿ. ಇನ್ನೊಂದ್ ಸಲ ಬಂದು ತೋರಿಸಿದ್ರ ತಿಳೀತೈತಿ."

ಆಮೇಲೆ ರಾಯಬಾಗದ ಅಂಗಡಿಯವರು ಬಂದರು, ಅಥಣಿಯವರು ಬಂದರು. ಎಲ್ಲರಿಗೂ ಚಹಾ, ಚೂಡಾ. ಕರ್ಚೀಫು, ದಿಂಬಿನ ಗಲೀಫು, ಟಾವೆಲ್ಲು ಎಲ್ಲದರ ಮೇಲೂ ಹೂವು ಬಿದ್ದವು. ಕೊನೆಗೆ ಅಥಣಿಯವನಿಗೆ ಖಾಲಿ ಅರಿವೆಯೇ ಸಿಗಲಿಲ್ಲ. ತಲೆಯ ಮೇಲಿನದನ್ನು ತೆಗೆದು ಕೊಟ್ಟೆ. ಗುಲಾಬಿ ಇರುವ ಗಾಂಧಿ ಟೋಪಿ ಐದೂ ತಾಲೂಕಿನಲ್ಲಿ ನನ್ನದೊಂದೇ.

ಆಯ್ಕೆ

ಒಂದು ದಿನ ನಿಪ್ಪಾಣಿಯ ಅಕ್ಕ ಫೋನ್ ಮಾಡಿದಳು. "ಕಾಕಾ, ತೊಗೊಳ್ಳುದಿದ್ರ ಹೇಳ್ರಿ. ಮಾಲಕರು ಇನ್ನ ಸುಮ್ನ ಹೋಗಬ್ಯಾಡ ಅಂದಾರ." ಉಳಿದವರೂ ಬರುವುದನ್ನು ಬಿಟ್ಟರು. ಇಬ್ಬರಿಗೆಂದು ಇಟ್ಟ ಚಹಾ ಒಬ್ಬನೇ ಕುಡಿದೆ. ಇನ್ನು ಕೊಳ್ಳದೆ ಗತಿಯಿಲ್ಲವೆಂದು, ನೋಡದೆ ಉಳಿದಿದ್ದ ಕಾಗವಾಡಕ್ಕೆ ಹೋದೆ.

"ಇದು ತೊಗೋರಿ ಕಾಕಾ, ಹತ್ತು ವರ್ಷ ಕೈ ಹಚ್ಚೂದು ಬ್ಯಾಡ" ಎಂದ ಅಲ್ಲಿನ ಅಂಗಡಿಯವ.

"ಹಂಗಾರ ಬ್ಯಾಡ. ಮ್ಯಾಲಿಂದ ಮ್ಯಾಲ ಕೆಡುವಂಥಾದ್ದು ತೋರಿಸ್ರಿ."

"ಕೆಟ್ರ ಏನ್ ಮಾಡ್ತೀರಿ?"

"ಕೆಟ್ರ ನೀವು ಮನೀಗೆ ಬರ್ತೀರಲ್ಲ?"

ಅವನು ಆಚೀಚೆ ನೋಡಿ, ದನಿ ತಗ್ಗಿಸಿ ಹೇಳಿದ: "ಅಂಥಾದ್ದೂ ಒಂದೈತಿ. ಒಳಗ ಬರ್ರಿ."

ರಿಪೇರಿ

ನನ್ನ ನಸೀಬು ನೋಡಿ, ಅದು ಕೆಡಲೇ ಇಲ್ಲ. ಕಾದು ಕಾದು ಬೇಸತ್ತು, "ಮಷೀನ ನಿಂತೈತಿ" ಎಂದು ಫೋನ್ ಮಾಡಿದೆ. ಕಾಗವಾಡದಿಂದ ಮೆಕ್ಯಾನಿಕ್ ರಿಪೇರಿ ಸಾಮಾನಿನ ಭಾರವಾದ ಚೀಲ ಹೊತ್ತು ಬಂದ. "ಕಾಕಾ, ಪ್ಲಗ್ ಹಾಕಿಲ್ರಿ" ಎಂದ. ಮುಂದಿನ ವಾರ ಬಂದಾಗ, "ದಾರ ಹಾಕಿಲ್ರಿ" ಎಂದ. ಎರಡೂ ಸಲ ಸಂಜೆಯ ಬಸ್ಸಿನ ತನಕ ಮಾತಾಡಿದೆವು. ಹೊರಡುವಾಗ ಅವನು ನನ್ನ ಮುಖ ನೋಡದೆ ಹೇಳಿದ:

"ಕಾಕಾ, ಇನ್ನ ಮ್ಯಾಲ ಮಷೀನ ಕೆಟ್ಟೈತಿ ಅನಬ್ಯಾಡ್ರಿ. ಚಾ ಇಟ್ಟೀನಿ ಅನ್ರಿ ಸಾಕು. ಹತ್ಯಾರದ ಚೀಲ ಭಾಳ ವಜ್ಜೆ ಐತಿ."

ಹಾಗೇ ಕರೆದೆ, ಬರಿಗೈಯಲ್ಲಿ ಬಂದ. ಚಹಾ ಕುಡಿಯುತ್ತ, ಇವನಿಗಾದರೂ ಒಂದು ಹೂವು ಹೊಲಿದು ತೋರಿಸೋಣವೆಂದು ಗುಂಡಿ ಒತ್ತಿದೆ. ಮಷೀನು ಗರ್ರ್ ಎಂದು ನಿಂತೇ ಬಿಟ್ಟಿತು. ಈ ಸಲ ಖರೇನೇ ಕೆಟ್ಟಿತ್ತು.

ಅವನು ತಲೆ ಕೆರೆದುಕೊಂಡ. "ಹತ್ಯಾರ ತಂದಿಲ್ಲಲ್ರಿ ಕಾಕಾ. ನಾಳಿಗೆ ಮತ್ತ ಬರಬೇಕಾಗತೈತಿ."

ಬಾಗಿಲ ತನಕ ಹೋಗಿ ಬೀಳ್ಕೊಡುತ್ತ ಹೇಳಿದೆ: "ನಾಳಿಗೂ ಚೀಲ ಮರತು ಬರ್ರಿ."