ಅರವತ್ತೊಂದರ ಊಟ

ನನ್ನ ಕಾಕಾನ ಮಗ ಅರವತ್ತು ತುಂಬುವವರೆಗೆ ನಾಲ್ಕೇ ಹುಟ್ಟುಹಬ್ಬಗಳನ್ನು ಒಪ್ಪಿಕೊಂಡವನು ಎಂದರೆ ನೀವು ನಂಬಲಾರಿರಿ! ಒಂದನೆಯದು, ಏಳನೆಯದು, ಹತ್ತೊಂಬತ್ತನೆಯದು, ಮೂವತ್ತೇಳನೆಯದು. ಬಾಲ್ಯದ ಉಳಿದವನ್ನೆಲ್ಲ ಬುದ್ಧಿ ಬಂದ ಮೇಲೆ ರದ್ದುಪಡಿಸಿದ. (ಅವನ ಜನ್ಮದಿನ ಶಾಲೆಯ ದಾಖಲೆಯಲ್ಲೊಂದು, ಜಾತಕದಲ್ಲೊಂದು, ಎರಡನ್ನೂ ತಾಳೆ ನೋಡಿ ನಾನು ಜಾತಕವನ್ನೇ ಹಿಡಿದಿದ್ದೇನೆ.)

ಯಲಬುರ್ಗಾದಲ್ಲಿ ಗಣಿತ ಕಲಿಸಿ ನಿವೃತ್ತನಾದ ಈ ಬ್ರಹ್ಮಚಾರಿಗೆ ಕೇಂದ್ರಿತ ಷಟ್ಕೋನ ಸಂಖ್ಯೆಗಳ ಹುಚ್ಚು. ನಡುವೆ ಒಂದು ಚುಕ್ಕಿ, ಅದರ ಸುತ್ತ ಆರು, ಅವುಗಳ ಸುತ್ತ ಹನ್ನೆರಡು, ಆಮೇಲೆ ಹದಿನೆಂಟು. ಪ್ರತಿ ಸುತ್ತು ಮುಗಿದಾಗಿನ ಮೊತ್ತವೇ ಆ ಸಂಖ್ಯೆ. ಅವನ್ನು ಮೊದಲಿನಿಂದ ಕೂಡಿಸುತ್ತ ಹೋದರೆ ಪೂರ್ಣ ಘನಗಳೇ ಸಿಗುತ್ತವೆ: ಒಂದು, ಎಂಟು, ಇಪ್ಪತ್ತೇಳು! ಸೊಗಸೇನೋ ಸರಿ. ಆದರೆ ಮಾಳಿಗೆಯ ಮೇಲೆ ಹಪ್ಪಳ ಒಣಗಿಸುವುದಕ್ಕೂ ಅದೇ ವಿನ್ಯಾಸವೇ?

“ಮಾಸ್ತರ್ರ, ಹಪ್ಪಳ ಒಣಗ ಹಾಕೀರೋ, ರಂಗೋಲಿ ಹಾಕೀರೋ?” ಎಂದಳು ಪಕ್ಕದ ಮನೆಯಾಕೆ.

“ನಡುವಿಂದು ಕಾಗಿ ಒಯ್ದೈತ್ರೀ ಅಕ್ಕಾರ. ಇನ್ನ ಅಷ್ಟೂ ದಂಡ!”

ಮೂವತ್ತೆಂಟು ತುಂಬಿದಾಗ ನಾನು ಕೊಪ್ಪಳದಿಂದ ಪೇಡೆ ಒಯ್ದಿದ್ದೆ. “ಮೂವತ್ತೆಂಟಂದ್ರ ಏನ್ ಸಂಖ್ಯಾ ಯಣ್ಣಾ? ಇನ್ನ ಇಪ್ಪತ್ಮೂರು ವರ್ಷ ತಡಿ!” ಎಂದ. ಪೇಡೆಯನ್ನು ಮಾತ್ರ ತಡೆಯಲಿಲ್ಲ; ಏಳು ತಿಂದ.

ಅಂತೂ ಈ ವರ್ಷ ಅರವತ್ತೊಂದು ಬಂತು. ಕುಷ್ಟಗಿ, ಗಂಗಾವತಿಗಳಲ್ಲಿ ನೆಲೆಸಿದ ಐವರು ಹಳೆಯ ಸಹೋದ್ಯೋಗಿಗಳಿಗೂ ನನಗೂ ಊಟಕ್ಕೆ ಕರೆದು ಕಾಗದ ಬರೆದ. ತಾರೀಖನ್ನೂ ವಾರವನ್ನೂ ಪಂಚಾಂಗದಲ್ಲಿ ನೋಡಿಯೇ ನಾನು ಬಸ್ಸು ಹತ್ತಿದೆ. ಎರಡೂ ಸರಿಯಾಗಿದ್ದವು.

ಕೋಣೆಯ ನಡುವೆ ಅವನ ತಾಟು, ಸುತ್ತ ಆರು. ಏಳರಲ್ಲೂ ಶೇಂಗಾ ಹೋಳಿಗೆ. ಹನ್ನೆರಡಾಯಿತು, ಒಂದಾಯಿತು, ಎರಡೂ ಆಯಿತು. ಬಸ್ಸಿನ ಸದ್ದಾದಾಗಲೆಲ್ಲ ಎದ್ದು ಬಾಗಿಲಿಗೆ ಹೋಗಿ ಬಂದ. ನನ್ನ ಹೊರತು ಯಾರೂ ಬರಲಿಲ್ಲ. ಅವನ ಲೆಕ್ಕದಲ್ಲಿ ಮುಂದಿನ ಹುಟ್ಟುಹಬ್ಬ ತೊಂಬತ್ತೊಂದಕ್ಕೆ!

“ಯಣ್ಣಾ, ಕಾಗದದಾಗ ನಾ ತಾರೀಖು ತಪ್ಪು ಬರದೀನೇನು?”

ನಾನು ಚಾಳೀಸು ತೆಗೆದು ಒರೆಸಿದೆ. “ಹೂಂ ತಮ್ಮಾ. ನಾಳಿನ ತಾರೀಖು ಬರದೀದಿ.”

“ಮತ್ತ ನೀ ಹ್ಯಾಂಗ ಇವತ್ತ ಬಂದಿ?”

ನನ್ನ ಉತ್ತರಕ್ಕೆ ಅವನು ಕಾಯಲಿಲ್ಲ. ನಡುವಿನ ತಾಟನ್ನು ಎತ್ತಿ ತಂದು ನನ್ನ ಪಕ್ಕಕ್ಕಿಟ್ಟ.

“ಇಬ್ಬರ ಇದ್ರ ನಡು ಅನ್ನೂದ ಇರೂದಿಲ್ಲ. ಸ್ವಲ್ಪ ಅತ್ಲಾಗ ಸರಿ, ಯಣ್ಣಾ.”