ಮಾಲೆ ಹಾಕಿದ ಕೋಪ

ಬಜಗೋಳಿಯಲ್ಲಿ ಹಿಟ್ಟಿನ ಗಿರಣಿ ಇಟ್ಟುಕೊಂಡಿರುವ ವಿಠಲನನ್ನು ಲೋಕ ಗುರುತಿಸುವುದು ಮೂವತ್ತೆಂಟು ಸೆಕೆಂಡಿನಿಂದ. ಐವತ್ತಮೂರು ವರ್ಷ ಬಾಳಿದ್ದು, ಮಗಳನ್ನು ಬಿಕಾಂ ಓದಿಸಿದ್ದು, ಯಾರ ಹಿಟ್ಟಿನಿಂದಲೂ ಒಂದು ಚಿಟಿಕೆ ತೆಗೆಯದೆ ಇದ್ದದ್ದು, ಇದು ಯಾವುದೂ ಲೆಕ್ಕಕ್ಕಿಲ್ಲ. ಎರಡು ವರ್ಷದ ಹಿಂದೆ ಕಾರ್ಕಳ ಬಸ್ ಸ್ಟ್ಯಾಂಡಿನಲ್ಲಿ, ಹೊತ್ತಿಗೆ ಮೊದಲೇ ಹೊರಟ ಬಸ್ಸಿನ ಹಿಂದೆ ಲುಂಗಿ ಎತ್ತಿ ಕಟ್ಟಿ ಓಡುತ್ತಾ, ಕಂಡಕ್ಟರನ ವಂಶವನ್ನು ಏಳು ತಲೆಮಾರಿನವರೆಗೆ ವರ್ಣಿಸಿದ್ದನ್ನು ಯಾರೋ ಪುಣ್ಯಾತ್ಮ ಮೊಬೈಲಿನಲ್ಲಿ ಹಿಡಿದಿದ್ದ. ಇನ್ನೊಬ್ಬ ಅದಕ್ಕೆ ಚೆಂಡೆ ಸೇರಿಸಿದ. ಮೂರನೆಯವ ಓಟವನ್ನು ನಿಧಾನ ಮಾಡಿದ. (ಲುಂಗಿ ಜಾರುವ ಜಾಗದಲ್ಲಿ ಇನ್ನೂ ನಿಧಾನ.) ಅಂದಿನಿಂದ ವಿಠಲ 'ಬಸ್ ಅಂಕಲ್' ಆಗಿದ್ದಾನೆ. ಎರಡು ಲಕ್ಷ ಜನ ನೋಡಿದ್ದಾರೆ.

"ನನ್ನ ಮುಖ, ನನ್ನ ಬಾಯಿ, ನನ್ನ ಲುಂಗಿ. ಹಾಕುವ ಮೊದಲು ನನ್ನನ್ನು ಒಂದು ಮಾತು ಕೇಳಿದರಾ?" ಎಂದು ಅವನು ಎರಡು ವರ್ಷದಿಂದ ಕೇಳುತ್ತಲೇ ಇದ್ದಾನೆ. ಗಿರಣಿಯ ಸದ್ದಿನ ಮೇಲೆ ಮಾತಾಡಿ ಬೆಳೆದ ಗಂಟಲು. ಅವನ ಗುಟ್ಟಿನ ದುಃಖವೂ ಮೂರು ಮನೆಯಾಚೆ ಕೇಳುತ್ತದೆ.

ಹಿಂದೆಲ್ಲ ಹುಡುಗಿಯ ಮನೆಯವರು ಹೇಗೆ ಎಂದು ತಿಳಿಯಲು ನೆರೆಮನೆಗೆ ಹೋಗಿ ಬೆಲ್ಲ ನೀರು ಕುಡಿಯಬೇಕಿತ್ತು. ಈಗ ಫೋನು ಒತ್ತಿದರೆ ಸಾಕು. ಮಗಳು ಅಕ್ಷಿತಾಳಿಗೆ ಕಾಪುವಿನ ಸಂಬಂಧವೊಂದು ಬಂದು, ಹುಡುಗ ರೋಹಿತ್‌ನಿಗೆ ಅವಳ ಫೋಟೋ ಹಿಡಿಸಿ, ಅವಳಿಗೂ ಅವನು ಹಿಡಿಸಿ, ಎಲ್ಲ ಕೂಡಿ ಬರುವಾಗ ಹುಡುಗನ ತಾಯಿ ಸುಭಾಷಿಣಿಯಮ್ಮ ಫೋನು ಒತ್ತಿದರು. ಚೆಂಡೆ ಕೇಳಿಸಿತು.

"ಅವರು ಇಲ್ಲ ಅಂತ ಹೇಳಲಿಲ್ಲ ವಿಠಲಣ್ಣ," ಎಂದ ಸಂಬಂಧ ತಂದ ಸರ್ವೋತ್ತಮ. "ಸ್ವಲ್ಪ ಯೋಚನೆ ಮಾಡ್ತೇವೆ ಅಂದ್ರು. ನೀವೊಂದು ಕೆಲಸ ಮಾಡಿ. ಹಳೆ ವೀಡಿಯೋದ ಮೇಲೆ ಒಂದು ಶಾಂತ ವೀಡಿಯೋ ಹಾಕಿ."

ವಿಠಲನ ತಲೆಯಲ್ಲಿ ಬೆಳಕು ಬಿತ್ತು. ಮರುದಿನವೇ ಕಪ್ಪು ಪಂಚೆ ಉಟ್ಟು ಅಯ್ಯಪ್ಪ ಮಾಲೆ ಹಾಕಿಸಿಕೊಂಡು ಬಂದ.

"ಮಾಲೆ ಹಾಕಿದ್ದು ದೇವರಿಗಾ, ಫೋನಿಗಾ?" ಎಂದಳು ಹೆಂಡತಿ ಕುಶಲಾ.

"ಬಾಯಿ ಮುಚ್ಚು ಸ್ವಾಮಿ," ಎಂದ ವಿಠಲ.

ಮಾಲೆ ಹಾಕಿದವರು ಎದುರು ಸಿಕ್ಕಿದವರನ್ನೆಲ್ಲ ಸ್ವಾಮಿ ಎಂದು ಕರೆಯಬೇಕು, ಕೋಪ ಮಾಡಬಾರದು. ಎರಡರಲ್ಲಿ ಮೊದಲನೆಯದನ್ನು ವಿಠಲ ಕಟ್ಟುನಿಟ್ಟಾಗಿ ಪಾಲಿಸಿದ. ಗಿರಣಿಯಲ್ಲಿ "ಗೋಧಿ ಒಣಗಿಸದೆ ತಂದಿದ್ದೀಯಲ್ಲ, ತಲೆಯಲ್ಲಿ ಎಂತ ಉಂಟು ಸ್ವಾಮಿ" ಎನ್ನುವನು. ಅಂಗಳಕ್ಕೆ ಬಂದ ಕೋತಿಗೂ ಸ್ವಾಮಿ ಎಂದೇ ಕಲ್ಲು ಬೀಸುವನು.

ಆದಿತ್ಯವಾರ ಬೆಳಿಗ್ಗೆ ಫೇಸ್‌ಬುಕ್ಕಿನಲ್ಲಿ ನೇರಪ್ರಸಾರವೆಂದು ಗೊತ್ತಾಯಿತು. ಕಾಪುವಿನವರಿಗೆ ಸರ್ವೋತ್ತಮ ಮೊದಲೇ ತಿಳಿಸಿದ್ದ. "ಅಪ್ಪ, ರೆಕಾರ್ಡ್ ಮಾಡಿ ನೋಡಿ ಆಮೇಲೆ ಹಾಕುವ," ಎಂದಳು ಅಕ್ಷಿತಾ. "ಸತ್ಯವಂತನಿಗೆ ರೆಕಾರ್ಡ್ ಎಂತಕ್ಕೆ?" ಎಂದು ವಿಠಲ ಫೋನನ್ನು ಅಕ್ಕಿ ಡಬ್ಬಕ್ಕೆ ಒರಗಿಸಿ, ಯಾರೂ ಮುಟ್ಟಬಾರದೆಂದು ಅಪ್ಪಣೆ ಮಾಡಿ ಕುಳಿತ.

"ಕೋಪವೆಂಬುದು ಮನುಷ್ಯನ ಶತ್ರು, ಸ್ವಾಮಿಗಳೇ," ಎಂದು ಪ್ರವಚನ ಶುರುವಾಯಿತು. ನಾಲ್ಕು ನಿಮಿಷ ಬಹಳ ಚೆನ್ನಾಗಿತ್ತು. ಕುಶಲಾಳಿಗೂ ಇದು ಬೇರೆ ಯಾರದೋ ಗಂಡ ಇರಬೇಕೆಂದು ಅನಿಸಿತು.

ಅಷ್ಟರಲ್ಲಿ ಫೋನಿನ ಪರದೆಯ ಕೆಳಗೆ ಜನ ಬರೆಯತೊಡಗಿದರು. 'ಬಸ್ ಸಿಕ್ಕಿತಾ ಅಂಕಲ್?' ವಿಠಲ ನಕ್ಕ. 'ಇವತ್ತು ಲುಂಗಿ ಗಟ್ಟಿ ಉಂಟಾ?' ಅರ್ಧ ನಕ್ಕ. ಮೂರನೆಯದು: 'ನಿಮ್ಮಂಥವರ ಮನೆಗೆ ಅಳಿಯ ಆಗಿ ಯಾರು ಬರ್ತಾರೆ ಅಂಕಲ್?'

ಇಲ್ಲಿ ಪ್ರವಚನ ಮುಗಿಯಿತು.

"ಯಾವನೋ ಅವ ಸ್ವಾಮಿ? ಮುಖ ತೋರಿಸು ಸ್ವಾಮಿ. ನಿನ್ನ ಹಲ್ಲು ಗಿರಣಿಗೆ ಹಾಕಿ ನುಣ್ಣಗೆ ಬೀಸಿ ಕೊಡ್ತೇನೆ ಸ್ವಾಮಿ. ನನ್ನ ಮಗಳಿಗೆ ಎಂತ ಕಮ್ಮಿ? ಕಾಪುವಿನ ರೋಹಿತ್ ಕಾಯ್ತಾ ಇದ್ದಾನೆ. ಅದಕ್ಕೆ ಮೊದಲು ಬಂದ ಎರಡು ಸಂಬಂಧ ನಾವೇ ಬೇಡ ಅಂದದ್ದು, ಒಬ್ಬನಿಗೆ ಕೂದಲಿಲ್ಲ, ಇನ್ನೊಬ್ಬನಿಗೆ ಬುದ್ಧಿ ಇಲ್ಲ. ನನ್ನ ಮಗಳು ಅಕೌಂಟೆನ್ಸಿಯಲ್ಲಿ ಎರಡು ಸಲ ಫೇಲಾದರೂ ಮೂರನೇ ಸಲ ಕೂತು ಪಾಸು ಮಾಡಿದವಳು. ಫೇಲಾದ ದಿನ ಬಚ್ಚಲಲ್ಲಿ ಬಾಗಿಲು ಹಾಕಿ ಅತ್ತಳು, ಹೊರಗೆ ಬಂದು ಮತ್ತೆ ಪುಸ್ತಕ ತೆಗೆದಳು. ಅಂಥ ಹುಡುಗಿ ಸ್ವಾಮಿ ಅವಳು, ಗೊತ್ತುಂಟಾ ನಿನಗೆ?"

ಬಾಗಿಲ ಬಳಿ ನಿಂತ ಅಕ್ಷಿತಾ ಕೈ ಬೀಸುತ್ತಿದ್ದಳು. ಸ್ವರ ಸಾಲದೆಂದು ಹೇಳುತ್ತಿದ್ದಾಳೆಂದು ತಿಳಿದು ವಿಠಲ ಇನ್ನೂ ಏರಿಸಿದ. ಕಡೆಗೆ ಅವಳೇ ಬಂದು ಫೋನು ಆರಿಸಿದಳು.

ಅವಳು ಬೈಯಲಿಲ್ಲ. ಬೈದಿದ್ದರೆ ಉತ್ತರವಿತ್ತು.

"ಬಸ್ ಸ್ಟ್ಯಾಂಡಿನಲ್ಲಿ ನಿಮ್ಮನ್ನು ಕೇಳದೆ ಹಾಕಿದರು ಅಂತ ಎರಡು ವರ್ಷ ಹೇಳಿದ್ರಿ ಅಪ್ಪ. ಬಚ್ಚಲಲ್ಲಿ ಅತ್ತದ್ದು ನಮ್ಮ ಮೂವರಿಗೆ ಮಾತ್ರ ಗೊತ್ತಿತ್ತು. ಇವತ್ತು ನೀವು ನನ್ನನ್ನು ಕೇಳಿದ್ರಾ?"

ಬಸ್ಸಿನ ಹಿಂದೆ ಓಡಿದ್ದು ಸಾವಿರ ಸಲ ಕಂಡರೂ ವಿಠಲನಿಗೆ ಇಷ್ಟು ನಾಚಿಕೆಯಾಗಿರಲಿಲ್ಲ. ಮಗಳ ಮುಖ ನೋಡಲಾರದೆ ಅವನು ಹಿತ್ತಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತ. ಕುಶಲಾ ಕಾಫಿ ತಂದಿಟ್ಟು, ಒಂದು ಮಾತೂ ಆಡದೆ ಒಳಗೆ ಹೋದಳು. (ಮೂವತ್ತು ವರ್ಷದಲ್ಲಿ ಅವಳು ಮಾತಾಡದೆ ಕಾಫಿ ಕೊಟ್ಟದ್ದು ಇದೇ ಮೊದಲು. ಇದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ.)

ಮಧ್ಯಾಹ್ನದ ಮೊದಲು ಸರ್ವೋತ್ತಮನ ಫೋನು ಬಂತು. ವಿಠಲ ಎತ್ತಲಿಲ್ಲ. ಅಕ್ಷಿತಾ ಎತ್ತಿ, ಸ್ಪೀಕರಿಗೆ ಹಾಕಿ, ತಂದೆಯ ಪಕ್ಕದಲ್ಲಿ ಇಟ್ಟಳು.

"ಸುಭಾಷಿಣಿಯಮ್ಮ ಒಪ್ಪಿದ್ರು ವಿಠಲಣ್ಣ. ಪೂರ್ತಿ ನೋಡಿದ್ರಂತೆ."

"ಪೂರ್ತಿ ನೋಡಿಯೂ?" ಎಂದ ವಿಠಲ, ಕೇಳಿಯೂ ಕೇಳಿಸದಷ್ಟು ಸಣ್ಣಗೆ.

"ಹೌದು ಮಾರಾಯ್ರೆ. ಅವರು ಹೇಳಿದ್ದನ್ನೇ ಹೇಳ್ತೇನೆ, ಬೇಜಾರು ಮಾಡಬೇಡಿ. ನನ್ನದೂ ಬಾಯಿ ಜೋರು, ನನ್ನ ಜೊತೆ ಯಾವ ಸೊಸೆ ಬಾಳ್ತಾಳೆ ಅಂತ ಚಿಂತೆ ಇತ್ತು ಅಂತೆ. ಇಂಥ ತಂದೆಯ ಜೊತೆ ಇಪ್ಪತ್ತಾರು ವರ್ಷ ಇದ್ದು, ಎಲ್ಲರೆದುರು ಮಾನ ಹೋಗುವಾಗಲೂ ಬೊಬ್ಬೆ ಹಾಕದೆ ಫೋನು ಆರಿಸಿದ ಹುಡುಗಿಗೆ ನಮ್ಮ ಮನೆ ಅಂದ್ರೆ ರಜೆ ಇದ್ದ ಹಾಗೆ ಅಂದ್ರು."

ಒಳಗಿನಿಂದ ಕುಶಲಾ ನಕ್ಕದ್ದು ಕೇಳಿಸಿತು. ಅಕ್ಷಿತಾ ನಗಲಿಲ್ಲ, ಆದರೆ ನಗು ಬಾರದಂತೆ ತುಟಿ ಬಿಗಿಹಿಡಿದಿದ್ದಳು.

"ಇನ್ನೊಂದು ಉಂಟು," ಎಂದ ಸರ್ವೋತ್ತಮ. "ನಿಶ್ಚಿತಾರ್ಥದ ದಿನ ಎಲ್ಲರ ಫೋನೂ ಹೊರಗೆ ಇಡಬೇಕಂತೆ. ಆಗದಿದ್ದರೆ ನಿಮ್ಮನ್ನು ಹೊರಗೆ ಇಡಬೇಕಂತೆ."

ವಿಠಲ ತಲೆಯೆತ್ತಿ ಮಗಳನ್ನು ನೋಡಿದ. "ಎಂತ ಹೇಳಲಿ? ನೀನೇ ಹೇಳು," ಎಂದು ಕೇಳಿದ. ಅವಳನ್ನು ಕೇಳಿದ್ದು ಅದೇ ಮೊದಲು.

ಅಕ್ಷಿತಾ ಫೋನಿಗೆ ಬಾಗಿದಳು. "ಫೋನು ಒಳಗೆ ಇರಲಿ ಅಂತ ಹೇಳಿ," ಎಂದಳು.