ಎಣ್ಣೆ ಹಾಕಿದ ಶಟರ್

ಯಾರಾದರೂ ಅಂಗಡಿಯ ಶಟರ್ ಎಳೆದ ಸದ್ದು ಕೇಳಿದರೆ ಈಗಲೂ ನನ್ನ ಕಾಲು ನನ್ನನ್ನು ಕೇಳದೆ ಎರಡು ಹೆಜ್ಜೆ ಹಿಂದೆ ಸರಿಯುತ್ತದೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ನಾನು ಎಂ.ಎ. ಓದಿದವನು, ಬಂಟ್ವಾಳದ ಕಚೇರಿಯೊಂದರಲ್ಲಿ ಮರ್ಯಾದೆಯ ಕುರ್ಚಿಯಲ್ಲಿ ಕೂರುವವನು. ಹಾವಿಗೋ ಮೇಲಧಿಕಾರಿಗೋ ನಡುಗಿದರೆ ಯಾರೂ ಏನೂ ಅಂದುಕೊಳ್ಳುವುದಿಲ್ಲ. ತಗಡಿನ ಬಾಗಿಲಿಗೆ ನಡುಗುವವನು ಮಾತ್ರ ಕಾರಣ ಕೊಡಬೇಕಾಗುತ್ತದೆ.

ಡಿಜಿಟಲ್ ಕ್ಯಾಮೆರಾಗಳು ನಮ್ಮ ಕಡೆಗೆ ಆಗಷ್ಟೇ ಬರತೊಡಗಿದ್ದವು. ಹೆಂಡತಿಯ ತಮ್ಮನ ನಿಶ್ಚಿತಾರ್ಥಕ್ಕೆ ನಾನೇ ಫೋಟೋ ತೆಗೆಯುವುದೆಂದು ಒಪ್ಪಿಕೊಂಡಿದ್ದೆ. ಒಪ್ಪಿಕೊಂಡದ್ದು ಅನ್ನುವುದು ಸುಳ್ಳು, ಹಟ ಹಿಡಿದು ಕೇಳಿ ಪಡೆದದ್ದು. ಹಿಂದೊಮ್ಮೆ ಆ ಮನೆಯ ತೊಟ್ಟಿಲ ಶಾಸ್ತ್ರದಲ್ಲಿ ರೀಲು ಸರಿಯಾಗಿ ಸಿಕ್ಕಿಸದೆ, ಎಲ್ಲರನ್ನೂ ಮೂವತ್ತಾರು ಸಲ ನಗಿಸಿದ್ದೆ. ಒಂದು ಫೋಟೋವೂ ಬರಲಿಲ್ಲ. ಅಂದಿನಿಂದ ಮಾವನವರು ನನ್ನೆದುರು ನಗುವುದನ್ನೇ ಬಿಟ್ಟಿದ್ದರು. ಅವರನ್ನು ಮತ್ತೆ ನಗಿಸಲು ನನಗಿದ್ದದ್ದು ಇದೊಂದೇ ಅವಕಾಶ. ಈ ಸಲವೂ ಕೈಕೊಟ್ಟರೆ ಆ ಮನೆಯಲ್ಲಿ ನನಗೆ ಚಹಾ ಸಿಗುವುದೂ ಸಂಶಯವಿತ್ತು.

ಹೊಸ ಕ್ಯಾಮೆರಾ ನನ್ನ ಸಂಬಳಕ್ಕೆ ಎಟುಕುವಂಥದ್ದಲ್ಲ. ಪುಂಜಾಲಕಟ್ಟೆಯಲ್ಲಿ ವಾಚು, ಮೊಬೈಲು ಮಾರುವ ಹಮೀದಾಕನ ಬಳಿ ಅವರ ದುಬೈ ಅಳಿಯ ಬಿಟ್ಟುಹೋದ ಕ್ಯಾಮೆರಾ ಉಂಟೆಂದು ಗೆಳೆಯ ಜಿನರಾಜ ಸುದ್ದಿ ತಂದ. ಮೂಡುಬಿದಿರೆಯ ಜಿನರಾಜ ಅಲ್ಲಿಯ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವನು. ನಾನೂರು ವರ್ಷಕ್ಕಿಂತ ಈಚಿನದೆಲ್ಲ ಅವನಿಗೆ ಹೊಸದೇ. "ಎರಡು ವರ್ಷದ ಕ್ಯಾಮೆರಾ ಹಳತು ಹೇಗಾಗ್ತದೆ ಮಾರಾಯ?" ಅಂದ. ನಾನು ಸೈಬರ್ ಕೆಫೆಯಲ್ಲಿ ಕೂತು ಓದಿಕೊಂಡು ಬಂದಿದ್ದೆ. ಕ್ಯಾಮೆರಾದ ವಯಸ್ಸು ವರ್ಷದಲ್ಲಿಲ್ಲ, ಒಳಗಿನ ಶಟರಿನಲ್ಲಿದೆ. ಪ್ರತಿ ಫೋಟೋಕ್ಕೂ ಅದೊಮ್ಮೆ ತೆರೆದು ಮುಚ್ಚಬೇಕು, ಹಾಗೆಯೇ ಸವೆಯುತ್ತ ಹೋಗಬೇಕು. ಇದನ್ನೆಲ್ಲ ಅವನಿಗೆ ಅರ್ಧ ಗಂಟೆ ಬೋಧಿಸಿ, ಅವನ ಎದುರಿಗೇ ಹಮೀದಾಕನಿಗೆ ಫೋನ್ ಮಾಡಿದೆ.

"ನಿಮ್ಮಲ್ಲಿ ಕೊಡ್ಲಿಕ್ಕೆ ಉಂಟಂತಲ್ಲ, ಅದರ ಶಟರ್ ಹೇಗುಂಟು?"

"ಶಟರ್ ಮೊದಲು ಸ್ವಲ್ಪ ಗಟ್ಟಿ ಇತ್ತು ಸರ್. ಮೊನ್ನೆ ಚೆಂದ ಮಾಡಿ ಎಣ್ಣೆ ಹಾಕಿದ್ದೇನೆ."

"ಎಣ್ಣೆಯಾ? ಎಂಥ ಎಣ್ಣೆ?"

"ಬೈಕಿನ ಆಯಿಲ್. ಅರ್ಧ ಲೀಟರ್ ಹಿಡೀತು."

"ಮೊದಲು ಇಟ್ಟುಕೊಂಡಿದ್ದವರು ತುಂಬ ಬಳಸ್ತಿದ್ರಾ?"

"ಎಲ್ಲಿ ಸರ್! ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಆದಿತ್ಯವಾರ ಮುಟ್ಟುವುದೇ ಇಲ್ಲ."

ಫೋನಿಟ್ಟು ಜಿನರಾಜನಿಗೆ ಹೇಳಿದೆ. ದಿನಕ್ಕೆ ಎರಡೇ ಎರಡು ಫೋಟೋ ಎಂದರೆ ಕ್ಯಾಮೆರಾ ಇನ್ನೂ ಹಸುಗೂಸು. ಆದರೆ ಹಸುಗೂಸಿಗೆ ಅರ್ಧ ಲೀಟರ್ ಬೈಕಿನ ಎಣ್ಣೆ ಕುಡಿಸಿದ್ದಾರೆ. ಜಿನರಾಜ ಗಂಭೀರವಾಗಿ ಯೋಚಿಸಿ, "ಅಳಿಯ ಶಿಸ್ತಿನ ಮನುಷ್ಯ. ಸೂರ್ಯೋದಯ ಒಂದು, ಸೂರ್ಯಾಸ್ತ ಒಂದು. ಹೋಗಿ ನೋಡುವ," ಅಂದ.

ಹೋದೆವು. ಹಮೀದಾಕ ನಮ್ಮನ್ನು ಕಂಡವರೇ ಅಂಗಡಿಯ ಪಕ್ಕದ ಖಾಲಿ ಕೋಣೆಗೆ ಕರೆದುಕೊಂಡು ಹೋಗಿ, ಮೇಲಕ್ಕೆತ್ತಿದ್ದ ಶಟರ್ ತೋರಿಸಿ, "ಟೈಲರ್ ಬಿಟ್ಟುಹೋದದ್ದು. ನಿಮಗೆ ಎಂಥ ವ್ಯಾಪಾರಕ್ಕೆ ಸರ್?" ಎಂದರು. ಗೋಡೆಯ ಮೇಲೆ 'ಕೋಣೆ ಬಾಡಿಗೆಗೆ ಇದೆ' ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ನಾನು ಫೋನಿನಲ್ಲಿ ಕ್ಯಾಮೆರಾ ಎಂಬ ಪದವನ್ನು ಒಮ್ಮೆಯೂ ಹೇಳಿರಲಿಲ್ಲವೆಂದು ನನಗೆ ಹೊಳೆದದ್ದು ಆಗ. ವಿಷಯ ತಿಳಿದು ಹಮೀದಾಕ ಎಷ್ಟು ನಕ್ಕರೆಂದರೆ ಹೆಗಲಿನ ಶಾಲಿನಿಂದ ಕಣ್ಣೊರೆಸಿಕೊಳ್ಳಬೇಕಾಯಿತು.

ಟರ್ಕಿ ಟವೆಲಿನಲ್ಲಿ ಸುತ್ತಿದ್ದ ಕ್ಯಾಮೆರಾ ಹೊರಬಂತು. ಎಣ್ಣೆಯ ವಾಸನೆ ಇರಲಿಲ್ಲ. ಗುಂಡಿ ಒತ್ತಿ ಹಿಡಿದರೆ ಬಿಡುವವರೆಗೂ ಸಾಲಾಗಿ ಫೋಟೋ ಬೀಳುವಂತೆ ಹೊಂದಿಸಿಕೊಂಡು, ಗುಂಡಿಯ ಮೇಲೆ ಬೆರಳಿಟ್ಟು ನಾನು ಜಗಲಿಯಲ್ಲಿ ನಿಂತೆ. ಜಿನರಾಜನಿಗೆ ಕ್ಯಾಮೆರಾ ಬೇಸರ ಬಂದಿತ್ತು. ಅವನು ಪಕ್ಕದ ಕೋಣೆಯ ಹೊಸ್ತಿಲಲ್ಲಿ ನಿಂತು, ಕೊಕ್ಕೆಕೋಲು ಎತ್ತಿಕೊಂಡು, "ಅರ್ಧ ಲೀಟರ್ ಎಣ್ಣೆ ಕುಡಿದದ್ದು ಹೇಗುಂಟು ನೋಡುವ," ಎಂದು ಶಟರ್ ಎಳೆದ.

"ಅಯ್ಯೋ, ಸರ್, ಅದರ ಸ್ಪ್ರಿಂಗ್..." ಎಂದರು ಹಮೀದಾಕ. ಸ್ಪ್ರಿಂಗಿನ ಕಥೆ ಮುಗಿಯುವ ಮೊದಲೇ ಶಟರ್ ಹೊರಟಿತ್ತು.

ಆ ಸದ್ದನ್ನು ನಾನು ದಿನಕ್ಕೆ ಹತ್ತು ಸಲ ಮತ್ತೆ ಕೇಳುತ್ತೇನೆ. ಜಿನರಾಜನ ಮೂಗಿಗೂ ಆ ಕಬ್ಬಿಣದ ಅಂಚಿಗೂ ನಡುವೆ ಒಂದು ಬೆರಳಿನ ಜಾಗವಿತ್ತು, ಅದೂ ಕಿರುಬೆರಳು. ಅವನು ಹಿಂದಕ್ಕೆ ಬಿದ್ದದ್ದು ಕಂಡಿತು, ಬಳಿಕ ಶಟರ್ ಮಾತ್ರ ಕಂಡಿತು. ಆಮೇಲೆ ಒಳಗಿನಿಂದ ಇತಿಹಾಸದ ಉಪನ್ಯಾಸಕರ ಸ್ವರ: "ಇಲ್ಲಿ ಲೈಟಿನ ಸ್ವಿಚ್ ಎಲ್ಲುಂಟು?"

ನಾಲ್ಕು ಜನ ಸೇರಿ ಎತ್ತಿದೆವು. ಅಂಗಿಯ ಒಂದು ಗುಂಡಿ ಬಿಟ್ಟರೆ ಬೇರೇನೂ ನಷ್ಟವಾಗಿರಲಿಲ್ಲ. "ನಿನ್ನನ್ನು ಎಳೆಯಲಿಕ್ಕೆ ಒಂದೇ ಹಾರಿಗೆ ಬಂದೆ ಮಾರಾಯ, ಸ್ವಲ್ಪದರಲ್ಲಿ ತಪ್ಪಿತು," ಎಂದೆ. ಹೇಳುವಾಗ ಅದು ನಿಜವೆಂದೇ ನನಗನ್ನಿಸಿತ್ತು. ಜಿನರಾಜನ ಕಣ್ಣು ತೇವವಾಯಿತು. ಹಮೀದಾಕ ಸೋಡಾ ತರಿಸಿದರು.

ಬಂದ ಕೆಲಸ ಮುಗಿಸಬೇಕಲ್ಲ. ಶಟರ್ ಎಷ್ಟು ಸಲ ಬಡಿದಿದೆ ಎಂಬ ಸಂಖ್ಯೆ ಆ ಕ್ಯಾಮೆರಾದ ಪ್ರತಿ ಫೋಟೋದೊಳಗೂ ಅಡಗಿರುತ್ತದೆ, ಕಂಪ್ಯೂಟರಿಗೆ ಹಾಕಿದರೆ ಹೊರಬರುತ್ತದೆ. ಮೊಬೈಲಿಗೆ ಹಾಡು ತುಂಬಿಸಲು ಹಮೀದಾಕ ಇಟ್ಟಿದ್ದ ಕಂಪ್ಯೂಟರಿಗೇ ಹಾಕಿಸಿದೆ. ಫೋಟೋಗಳು ಒಂದೊಂದಾಗಿ ತೆರೆದುಕೊಂಡವು. ಮೊದಲನೆಯದರಲ್ಲಿ ಕೊಕ್ಕೆಕೋಲು ಹಿಡಿದ ಜಿನರಾಜ. ಎರಡನೆಯದರಲ್ಲಿ ಅವನ ಮೊಣಕಾಲು, ಅದರ ಮೇಲೆಲ್ಲ ತಗಡು. ಮೂರನೆಯದರಲ್ಲಿ ಜಗಲಿಯ ಮೆಟ್ಟಿಲು. ಆಮೇಲೆ ನನ್ನ ಎಡಗಾಲಿನ ಚಪ್ಪಲಿ, ಡಾಮರು ರಸ್ತೆ, ನನ್ನ ಬಲಗಾಲು ಚಪ್ಪಲಿಯಿಲ್ಲದೆ, ಮತ್ತೆ ಡಾಮರು. ಕೊನೆಯದರಲ್ಲಿ ರಸ್ತೆಯ ಆಚೆ ಬದಿಯ ಕಬ್ಬಿನ ಹಾಲಿನ ಗಾಡಿ, ಅದರ ಹಿಂದೆ ಬಾಯಿ ತೆರೆದು ನಿಂತ ಗಾಡಿಯವನು. ಹೆದರಿಕೆಯಲ್ಲಿ ನನ್ನ ಬೆರಳು ಗುಂಡಿಯನ್ನು ಬಿಟ್ಟೇ ಇರಲಿಲ್ಲ.

ಜಿನರಾಜ ಸೋಡಾ ಕೆಳಗಿಟ್ಟ. "ನನ್ನನ್ನು ಎಳೆಯಲಿಕ್ಕೆ ಆಚೆ ಬದಿಯಿಂದ ಸುತ್ತಿ ಬಂದೆಯಾ?"

ನಾನು ಕೇಳದವನಂತೆ, "ಹಮೀದಾಕ, ಒಟ್ಟು ಎಷ್ಟು ಓಡಿದೆ ನೋಡಿ," ಎಂದೆ.

ಹಮೀದಾಕ ಕನ್ನಡಕ ಏರಿಸಿ ಪರದೆಯ ಹತ್ತಿರ ಬಗ್ಗಿದರು. "ಒಂಬತ್ತು ಸಾವಿರದ ನಾಲ್ಕು ನೂರು ಚಿಲ್ಲರೆ ಓಡಿದೆ ಸರ್. ಅದರಲ್ಲಿ ಇಪ್ಪತ್ತೇಳು ನೀವು ಓಡಿದ್ದು."

ನಾನು ಚೌಕಾಸಿ ಮಾಡಲಿಲ್ಲ. ಹೇಳಿದ ಬೆಲೆ ಕೊಟ್ಟು, ಟವೆಲಿನ ಸಮೇತ ಕ್ಯಾಮೆರಾ ತೆಗೆದುಕೊಂಡು ಬಂದೆ. ನಿಶ್ಚಿತಾರ್ಥದ ಫೋಟೋಗಳು ಚೆನ್ನಾಗಿಯೇ ಬಂದವು. ಮಾವನವರೂ ಮನಸಾರೆ ನಕ್ಕಿದ್ದಾರೆ, ಊಟದ ಪಂಕ್ತಿಯ ಪ್ರತಿಯೊಂದರಲ್ಲೂ ಹಲ್ಲು ಕಾಣಿಸುತ್ತದೆ. ಅಲ್ಲಿ ಅವರ ಪಕ್ಕದ ಎಲೆಗೆ ಜಿನರಾಜನನ್ನು, ಆ ಇಪ್ಪತ್ತೇಳು ಫೋಟೋಗಳ ಕಥೆಯ ಸಮೇತ, ಕೂರಿಸಿದ್ದು ನಾನೇ.